ವಲಸೆ ಬಂದ ಮಗುವೂ ನಮ್ಮ ಮಗುವೇ
(ಶತಮಾನೋತ್ಸವದ ಅಂಗವಾಗಿ ಮಾಡಿದ ಭಾಷಣ)



ನಮ್ಮ ಗಾಂಧಿ ಬಜಾರಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಕನ್ನಡದೊಡನೆ ಉರ್ದು, ತಮಿಳು, ಹಿಂದಿಗಳೂ ಕಿವಿಗೆ ಬೀಳುತ್ತವೆ. ವ್ಯಾಪಾರಿಯು ಯಾವ ಭಾಷೆಯ ಗಿರಾಕಿಯನ್ನೂ ಹಿಂದಕ್ಕೆ ಕಳುಹಿಸುವುದಿಲ್ಲ. ಕೈಸನ್ನೆಯಿಂದಲಾದರೂ ವ್ಯವಹಾರ ನಡೆಸುತ್ತಾನೆ. ಬಜಾರಿಗೆ ಸಾಧ್ಯವಾದದ್ದು ಶಾಲೆಗೆ ಏಕೆ ಕಷ್ಟವಾಗಬೇಕು?

ಪರಸ್ಥಳದವರು ನಮಗೆ ಹೊಸಬರಲ್ಲ. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅನಂತರ ಕಾಗದದ ಕಾರ್ಖಾನೆಯೂ ಬಂದಿತು. ಆ ದುಡಿಮೆಯನ್ನು ನಂಬಿ ತಮಿಳು, ತೆಲುಗು, ಮಲಯಾಳ ನುಡಿಯುವ ಕುಟುಂಬಗಳು ಬಂದು ನೆಲೆಸಿದವು. ಇಲ್ಲಿ ಕುಳಿತಿರುವ ಹಲವರ ಅಜ್ಜಂದಿರು ಹಾಗೆ ಬಂದವರೇ. ಇಂದು ಕಟ್ಟಡದ ಕೆಲಸಕ್ಕೂ ತೋಟದ ಕೂಲಿಗೂ ಬಂದವರ ಮಕ್ಕಳು ನಮ್ಮ ಶಾಲೆಗಳ ಬಾಗಿಲಲ್ಲಿ ನಿಂತಿದ್ದಾರೆ.

ಹಲವು ವರ್ಷ ಪಾಠ ಹೇಳಿದ ನಾನು ನನ್ನದೇ ಒಂದು ತಪ್ಪನ್ನು ನಿವೇದಿಸುತ್ತೇನೆ. ವರ್ಷದ ನಡುವೆ ಸೇರಿದ ಲಂಬಾಣಿ ಬಾಲಕಿಯೊಬ್ಬಳು ಮೂರು ವಾರ ಬಾಯಿ ಬಿಡಲಿಲ್ಲ. ಮಂದಮತಿಯೆಂದು ಬಗೆದು ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿದೆ. ಒಂದು ಮಧ್ಯಾಹ್ನ ಆಟದ ಬಯಲಿನಲ್ಲಿ ಅವಳು ತಮ್ಮನ ಮುಂದೆ ಹರಳುಗಳನ್ನಿಟ್ಟು ತಮ್ಮ ಮಾತಿನಲ್ಲಿ ಕೂಡುವ ಲೆಕ್ಕ ಕಲಿಸುತ್ತಿದ್ದುದನ್ನು ಕಂಡೆ. ನನಗೆ ನಾಚಿಕೆಯಾಯಿತು. ಮರುದಿನ ಅವಳ ಭಾಷೆ ಬಲ್ಲ ಸಹಪಾಠಿಯ ಪಕ್ಕದಲ್ಲಿ ಮುಂದೆ ಕೂರಿಸಿ, ಎಣಿಕೆಯನ್ನು ಅವಳ ಮಾತಿನಲ್ಲೇ ಹೇಳಿಸಿದೆ. ಇಡೀ ತರಗತಿ ಅವಳಿಂದ ಹತ್ತರವರೆಗೆ ಎಣಿಸಲು ಕಲಿತಿತು. ತಿಂಗಳು ಕಳೆಯುವಷ್ಟರಲ್ಲಿ ಕನ್ನಡವೂ ಅವಳ ನಾಲಗೆಗೆ ಬಂದಿತು.

ಕಾನೂನು ಬಾಗಿಲು ತೆರೆದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆಗೇ ಹೋಗದಿದ್ದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿ ನೀಡಬೇಕು. ಇದನ್ನು ಅರಿಯದ ತಂದೆತಾಯಿಯರ ಜೊತೆಗೆ ಶಾಲೆಯವರೆಗೆ ಹೋಗಿ ಮಾತನಾಡುವ ಕೆಲಸ ನಮ್ಮದು. ಆದರೆ ಬಾಗಿಲು ದಾಟಿದ ಮಗುವಿಗೆ ಹಲಗೆಯ ಮೇಲೆ ಜಾಗ ಬಿಡುವವರು ಮಕ್ಕಳೇ.

ಆದುದರಿಂದ ತಾಯಂದಿರೇ, ತಂದೆಯರೇ, ಇಂದು ಸಂಜೆ ನಿಮ್ಮ ಮಕ್ಕಳನ್ನು ಕೇಳಿರಿ: ಹೊಸದಾಗಿ ಬಂದ ಮಗುವಿನ ಹೆಸರೇನು? ಬಿಸಿಯೂಟಕ್ಕೆ ಅದು ಯಾರ ಪಕ್ಕದಲ್ಲಿ ಕುಳಿತಿತು? ಉತ್ತರ ಬಾರದಿದ್ದರೆ ನಾಳೆ ತಿಳಿದುಬರಲು ಹೇಳಿರಿ.

ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬವನ್ನು ಪೋಪ್ ಹನ್ನೆರಡನೆಯ ಪಯಸ್ 1952ರಲ್ಲಿ ಸಕಲ ವಲಸಿಗರಿಗೂ ಮಾದರಿಯಾಗಿ ತೋರಿದರು. ಆ ಪರನಾಡಿನಲ್ಲಿ ಯಾವುದೋ ಮನೆಯ ಮಗು ಬಾಲಯೇಸುವನ್ನು ಆಟಕ್ಕೆ ಕರೆದಿರಬೇಕು. ಅಂಥ ಮಗು ನಮ್ಮ ಮನೆಯದೂ ಆಗಲಿ.