ಲಾಂಚು ದಡ ಸೇರಿತೆ?



ಪೇಟೆಯಲ್ಲಿ ‘ಲಾಂಚ್ ಆಯ್ತು’ ಎಂದರೆ ಹೊಸ ಮೊಬೈಲೋ ಹೊಸ ಕಾರೋ ಮಾರುಕಟ್ಟೆಗೆ ಬಂತು ಎಂದರ್ಥ. ಸಾಗರ ತಾಲ್ಲೂಕಿನ ತುಮರಿ ಕಡೆ ಲಾಂಚು ಎಂದರೆ ಒಂದೇ: ಜನ, ಬೈಕು, ಕಾರು, ಬಸ್ಸು ಎಲ್ಲವನ್ನೂ ಹೊತ್ತು ಶರಾವತಿ ಹಿನ್ನೀರು ದಾಟಿಸುತ್ತಿದ್ದ ದೋಣಿ.

ಇಂಗ್ಲಿಷಿನಲ್ಲಿ ಎರಡಕ್ಕೂ ಕಾಗುಣಿತ ಒಂದೇ, ಹುಟ್ಟು ಬೇರೆ. ಬಿಡುಗಡೆಯ ‘ಲಾಂಚ್’ ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಬೇರು ಲ್ಯಾಟಿನ್ನಿನ ‘ಲಾನ್ಸಿಯಾ’, ಅಂದರೆ ಈಟಿ. ಈಟಿ ಎಸೆಯುವುದು ಮೊದಲ ಅರ್ಥ; ಹಡಗನ್ನು ನೀರಿಗಿಳಿಸುವುದು, ರಾಕೆಟ್ ಹಾರಿಸುವುದೆಲ್ಲ ಆಮೇಲಿನದು. ದೋಣಿಯ ‘ಲಾಂಚ್’ ಸ್ಪ್ಯಾನಿಷ್, ಪೋರ್ಚುಗೀಸ್ ನಾವಿಕರ ‘ಲಾಂಚಾ’. ಅದರ ಹಿಂದೆ ಮಲಯ ಭಾಷೆಯದೊಂದು ಪದವಿದೆ, ಅದಕ್ಕೆ ‘ಚುರುಕು’ ಎಂದರ್ಥ ಎಂದು ನಿಘಂಟುಕಾರರು ಊಹಿಸುತ್ತಾರೆ.

ಎಸೆದ ಆಯುಧದ ಕತೆ ನಮ್ಮಲ್ಲೂ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ರಾಮ ಬಾಣ ಬಿಟ್ಟ, ನೀರು ಚಿಮ್ಮಿತು, ಶರಾವತಿ ಹುಟ್ಟಿದಳು ಎನ್ನುತ್ತಾರೆ. ಬಾಣದ ಕೆಲಸ ಅಲ್ಲಿಗೇ ಮುಗಿಯಿತು. ಹೊಳೆಯ ಕೆಲಸ ಅಲ್ಲಿಂದ ಶುರುವಾಯಿತು. ಹೊಸನಗರ ಹಾದು, ಸಾಗರದ ಸೀಮೆಗಿಳಿದು, ಜೋಗದಲ್ಲಿ ಧುಮುಕಿ ಕಡಲಿಗೆ ಹೋಯಿತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆಲ್ಲ ಬೆಳಕು ಬಂತು; ಹೊಸನಗರ, ಸಾಗರ ತಾಲ್ಲೂಕುಗಳ ಎಷ್ಟೋ ಊರು, ಗದ್ದೆ, ತೋಟ ನೀರಿನಡಿ ಹೋದವು. ತುಮರಿಯವರಿಗೆ ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು ಎಲ್ಲವೂ ಆಚೆ ದಡದ ಪಾಲಾದವು. ಚುರುಕು ಎಂಬ ಅರ್ಥದ ಪದ ಇಲ್ಲಿಗೆ ಬಂದು ಕಾಯುವಿಕೆಯ ಇನ್ನೊಂದು ಹೆಸರಾಯಿತು. ಬೇಸಿಗೆಯಲ್ಲಿ ನೀರಿಳಿದರೆ ವಾಹನ ಹತ್ತಿಸುವಂತಿರಲಿಲ್ಲ. ಸಂಜೆಯ ಕೊನೇ ಲಾಂಚು ತಪ್ಪಿದರೆ ಬೆಳಗಾಗಬೇಕಿತ್ತು, ಇಲ್ಲವೇ ದೂರದ ದಾರಿ ಸುತ್ತಬೇಕಿತ್ತು. ಹೆರಿಗೆ ನೋವಿಗೆ, ಹಾವಿನ ವಿಷಕ್ಕೆ ಲಾಂಚಿನ ವೇಳಾಪಟ್ಟಿ ಗೊತ್ತಿರುತ್ತದೆಯೇ?

2025ರ ಜುಲೈ 14ರಂದು ಈ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಕೇಬಲ್ ಸೇತುವೆ. ಅರವತ್ತು ವರ್ಷ ಕಾದ ದಾರಿ ಈಗ ಕೆಲವೇ ನಿಮಿಷದ್ದು.

ಈಗ ಯೋಚಿಸಿ. ಈಟಿ ಎಸೆದವನಿಗೆ ಕೈ ಬಿಟ್ಟ ಕ್ಷಣಕ್ಕೇ ಕೆಲಸ ಮುಗಿಯಿತು. ಲಾಂಚು ನಡೆಸುವವನಿಗೆ ಹಾಗಲ್ಲ. ಹಗ್ಗ ಬಿಚ್ಚಿದಾಗ ಅವನನ್ನು ಯಾರೂ ಹೊಗಳುವುದಿಲ್ಲ. ಹತ್ತಿದವರೆಲ್ಲ ಆಚೆ ದಡದಲ್ಲಿ ಇಳಿದಾಗಲೇ ಅವನ ಕೆಲಸ ಪೂರ್ತಿ. ನಾವೂ ದಿನಾ ಏನಾದರೊಂದು ಶುರು ಮಾಡುತ್ತೇವೆ. ದೀಪ ಹಚ್ಚುತ್ತೇವೆ, ರಿಬ್ಬನ್ ಕತ್ತರಿಸುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಇನ್ನು ಮುಂದೆ ಯಾರಾದರೂ ‘ಲಾಂಚ್ ಆಯ್ತು’ ಎಂದರೆ, ತುಮರಿಯವರ ಹಾಗೆ ಒಂದು ಮಾತು ಕೇಳೋಣ: ‘ದಡ ಸೇರಿತೆ?’