ನೆಲದೊಳಗಿನ ನೀರಿಗೂ ಲೆಕ್ಕ



ಕೊಡದಲ್ಲಿ ಎಷ್ಟು ನೀರಿದೆ? ಇಣುಕಿದರೆ ಗೊತ್ತಾಗುತ್ತೆ. ನೆಲದೊಳಗಿನ ನೀರು ಕಣ್ಣಿಗೆ ಕಾಣೋದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲಾ ಕಡೆ ನಾವು ಮಾಡಿದ್ದು ಒಂದೇ. ಒಂದು ಬೋರು ಬತ್ತಿತು, ಇನ್ನೊಂದು ಕೊರೆಸಿದೆವು. ಸಾಲ ಬೆಳೆಯಿತು. ನೀರು ಇನ್ನೂ ಕೆಳಗಿಳಿಯಿತು.

2019ರಲ್ಲಿ ಅಟಲ್ ಭೂಜಲ ಯೋಜನೆ ಶುರುವಾಯಿತು. ಅದಕ್ಕೆ ಸೇರಿದ ಕರ್ನಾಟಕದ 14 ಜಿಲ್ಲೆಗಳಲ್ಲಿ ನಮ್ಮ ಚಿತ್ರದುರ್ಗವೂ ಒಂದು. ನೀರಿನ ಮಟ್ಟ ಅಳೆಯುವ ಡಿಜಿಟಲ್ ಯಂತ್ರ ಬಂತು. ಅದನ್ನು ಅಳತೆಗೆಂದೇ ಇರುವ ಕೊಳವೆಬಾವಿಗೆ ಇಳಿಬಿಡುತ್ತಾರೆ. ನೀರು ಎಷ್ಟು ಆಳದಲ್ಲಿದೆ ಎಂದು ಅದು ಲೆಕ್ಕ ಇಡುತ್ತದೆ.

ಆ ಲೆಕ್ಕ ಓದುವಾಗ ಎಚ್ಚರ ಬೇಕು. ಹೋದ ಯುಗಾದಿಗೆ 30 ಮೀಟರ್, ಈ ಯುಗಾದಿಗೆ 35 ಮೀಟರ್ ಅಂತಿದೆ ಅನ್ನಿ. ನೀರು ಹೆಚ್ಚಿತು ಅಂತ ಅಲ್ಲ. 5 ಮೀಟರ್ ಕೆಳಗೆ ಹೋಯಿತು ಅಂತ!

ಯಂತ್ರ ನೀರು ತರೋದಿಲ್ಲ. ಲೆಕ್ಕ ಹೇಳುತ್ತೆ, ಅಷ್ಟೆ. ನೀರು ಇಳಿದಿದ್ದರೆ ತೋಟಕ್ಕೆ ಹನಿ ನೀರಾವರಿ ಮಾಡೋಣ. ಹೊಲಕ್ಕೆ ರಾಗಿ, ಸಜ್ಜೆ ಹಾಕೋಣ. ಕೆರೆ ಹೂಳು ತೆಗೆಸೋಣ.

ಈಗ ನಮಗೆ ಅಂಕಿ ಓದಲು ಬರುತ್ತೆ. ಗ್ರಾಮಸಭೆಗೆ ಹೋಗೋಣ. "ನಮ್ಮೂರ ನೀರಿನ ಲೆಕ್ಕ ತೋರಿಸಿ" ಎಂದು ಕೇಳೋಣ. ಲೆಕ್ಕ ನೋಡಿದ ಮೇಲೆ ಬೋರಿನ ಮಾತು.