ದಾರಿಗಳ್ಳನ ಸಿನಿಮಾ ಮತ್ತು ಇನ್ನೂರು ರೂಪಾಯಿ

(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ನಾನು. ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಕೇಳಿದ್ದರು. ಕ್ಷಮಿಸಬೇಕು, ನಾನು ಒಂದು ಸಿನಿಮಾದ ಬಗ್ಗೆ ಮಾತನಾಡುತ್ತೇನೆ. 2006ರ ಬೇಸಿಗೆಯಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಹನ್ನೊಂದು ಹುಡುಗರು ಈ ಊರಿನಲ್ಲಿ ತೆಗೆದ ಸಿನಿಮಾ ಅದು. ಇಪ್ಪತ್ತೆರಡು ನಿಮಿಷದ್ದು.

ನಮ್ಮ ಕಡೆಯ ಹುಡುಗರಿಗೆ ಸಿನಿಮಾ ಹುಚ್ಚು ಹಿಡಿಯಲು ಕಾರಣ ಬೇಕಿಲ್ಲ. ‘ಶೋಲೆ’ಯ ಗಬ್ಬರ್ ಸಿಂಗ್ ಓಡಾಡಿದ್ದು ರಾಮನಗರದ ಬಂಡೆಗಳ ನಡುವೆ. 1973ರಲ್ಲಿ ಚಿತ್ರೀಕರಣ ಶುರುವಾಗಿ, 1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾಯಿತು. ಅದಕ್ಕಾಗಿ ಅಲ್ಲಿ ಒಂದು ಹಳ್ಳಿಯನ್ನೇ ಕಟ್ಟಿದ್ದರು. ಬಂಡೆ ನಮ್ಮಲ್ಲೂ ಇದೆ, ಕಲ್ಯದ ಬೆಟ್ಟವಿದೆ, ನಾವೂ ಒಬ್ಬ ದರೋಡೆಕೋರನ ಚಿತ್ರ ತೆಗೆಯೋಣ ಎಂದು ಹೊರಟೆವು. ಅವರು ಕೋಟಿಗಟ್ಟಲೆ ಸುರಿದಿದ್ದರು. ನಾವು ಮನೆಗೆ ಹತ್ತು ರೂಪಾಯಿಯಂತೆ ಅರವತ್ತನಾಲ್ಕು ಮನೆಗಳಲ್ಲಿ ಎತ್ತಿದ್ದು ಆರುನೂರ ನಲವತ್ತು ರೂಪಾಯಿ.

ಕಥೆ ಕೊಟ್ಟವರು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು. “ಕುದುರೆ ಇಲ್ಲ, ಅರಮನೆ ಇಲ್ಲ ಅಂತ ಅಳಬೇಡ್ರೋ. 1978ರಲ್ಲಿ ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ತೆಗೆದರು, ಶಂಕರನಾಗ್ ಮೊದಲು ನಟಿಸಿದ್ದು ಅದರಲ್ಲೇ. ಕಾಡು, ಕತ್ತಿ, ಎದುರುಬದುರು ನಿಂತ ಇಬ್ಬರು ಯೋಧರು, ಇಷ್ಟಿದ್ದರೆ ಸಿನಿಮಾ ನಿಲ್ಲುತ್ತೆ” ಎಂದರು. ಆಮೇಲೆ ನಮ್ಮೂರಿನ ಶಾಸನದ ವಿಷಯ ತೆಗೆದರು.

ಮಕ್ಕಳೆ, ಇದು ನಿಮಗೆ ಗೊತ್ತಿರಬೇಕು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಾಗ ವಿಜಯನಗರದ ಬುಕ್ಕರಾಯ ಇಬ್ಬರನ್ನೂ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ರಾಜಿ ಮಾಡಿಸಿದ. ಆ ಶಾಸನ ಶ್ರವಣಬೆಳಗೊಳದಲ್ಲಿದೆ, ನಮ್ಮ ಕಲ್ಯದಲ್ಲೂ ಸಿಕ್ಕಿದೆ. ಅದರಲ್ಲಿ ನಮ್ಮೂರಿನ ಹೆಸರು ಕಲ್ಲೆಹ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲುಗಾರರನ್ನು ನೇಮಿಸಬೇಕು, ಉಳಿದದ್ದರಲ್ಲಿ ಹಾಳಾದ ಬಸದಿಗಳನ್ನು ರಿಪೇರಿ ಮಾಡಿ ಸುಣ್ಣ ಬಳಿಸಬೇಕು ಎಂಬ ಕಟ್ಟಳೆ ಬೆಳಗೊಳದ ಕಲ್ಲಿನಲ್ಲಿದೆ.

ನಮಗೆ ಅಷ್ಟು ಸಾಕಾಯಿತು. ಆ ಹಣದ ಪೆಟ್ಟಿಗೆ ಕಲ್ಯದಿಂದ ಬೆಳಗೊಳಕ್ಕೆ ಹೋಗುವ ದಾರಿಯಲ್ಲಿ ಒಬ್ಬ ಕಳ್ಳ ಹೊಂಚು ಹಾಕುತ್ತಾನೆ. ಕೊನೆಗೆ ಮನಸ್ಸು ತಿರುಗಿ ಆ ಇಪ್ಪತ್ತು ಕಾವಲುಗಾರರಲ್ಲಿ ತಾನೂ ಒಬ್ಬನಾಗುತ್ತಾನೆ. ಹಣ, ಕಾವಲು ಶಾಸನದವು. ಕಳ್ಳ ಮಾತ್ರ ನಮ್ಮ ಕಲ್ಪನೆ.

ಮಾಗಡಿಯ ಒಬ್ಬ ಮದುವೆ ವಿಡಿಯೋದವರು ಮುಹೂರ್ತವಿಲ್ಲದ ನಾಲ್ಕು ದಿನ ಕ್ಯಾಮೆರಾ ಕೊಟ್ಟರು. ಒಂದೇ ಕ್ಯಾಸೆಟ್, ಒಂದು ಗಂಟೆಯದು. ರಟ್ಟಿಗೆ ಬೆಳ್ಳಿ ಕಾಗದ ಅಂಟಿಸಿ ಕತ್ತಿ, ಮೊರವೇ ಗುರಾಣಿ, ಗೋಣಿಚೀಲವೇ ಕವಚ. ರೇಷ್ಮೆ ಹುಳದ ಹಳೇ ಚಂದ್ರಂಕಿಗಳನ್ನು ಸಾಲಾಗಿ ನಿಲ್ಲಿಸಿದರೆ ಅದೇ ಛತ್ರದ ಗೋಡೆ. ಕುದುರೆ ಕಾಣಿಸಲಿಲ್ಲ, ಎರಡು ತೆಂಗಿನ ಕರಟ ಬಡಿದು ಸದ್ದು ಮಾಡಿದೆವು. ಯಾವ ಕಡೆ ತಿರುಗಿಸಿದರೂ ಕರೆಂಟ್ ಕಂಬ ಬರುತ್ತಿತ್ತು. ಬುಕ್ಕರಾಯನ ಕಾಲದಲ್ಲಿ ಒಂದು ಕಂಬ ಈಗಲೂ ನಿಂತಿದೆ.

ಕಳ್ಳನ ಪಾತ್ರ ಮಾಡಿದವನು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡುತ್ತಿದ್ದ, ಚೆನ್ನಾಗಿ ನಗುತ್ತಿದ್ದ. ಬಂಡೆಯ ಮೇಲಿಂದ ಅವನು ಹಾರಿದ ದೃಶ್ಯಕ್ಕೆ ದನ ಮೇಯಿಸುತ್ತಿದ್ದವರೂ ಚಪ್ಪಾಳೆ ತಟ್ಟಿದರು. ಹೆಸರು ಹೇಳುವುದಿಲ್ಲ.

ಲೆಕ್ಕ ಬರೆಯುತ್ತಿದ್ದವನು ನಾನು. ಮೂರನೆಯ ದಿನ ಸಂಜೆ ನೋಡಿದರೆ ಇನ್ನೂರು ರೂಪಾಯಿ ಕಡಿಮೆ. ದುಡ್ಡಿನ ಡಬ್ಬಿ ಹಿಂದಿನ ರಾತ್ರಿ ವೇಷದ ಮೂಟೆಯ ಜೊತೆ ಅವನ ಮನೆಯಲ್ಲಿತ್ತು. ಅರಳಿಕಟ್ಟೆಯ ಮೇಲೆ ಎಲ್ಲರ ಮುಂದೆ ಕೇಳಿದೆ: “ಡಬ್ಬಿ ನಿಮ್ಮನೇಲಿ ಇತ್ತಲ್ಲೋ. ಇನ್ನೂರು ರೂಪಾಯಿ ಎಲ್ಲಿ?” ಅವನು ಮಾತಾಡದೆ ಅಂಗಿಯ ಜೇಬನ್ನು ಹೊರಗೆಳೆದು ತೋರಿಸಿದ. “ಪಾರ್ಟು ಮೈಮೇಲೆ ಬಂದಿರ್ಬೇಕು” ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಅವನು ಬರಲಿಲ್ಲ. ಕೊನೆಯ ದೃಶ್ಯಕ್ಕೆ ಇನ್ನೊಬ್ಬ ಹುಡುಗನಿಗೆ ಅವನ ಬಟ್ಟೆ ತೊಡಿಸಿ ಬೆನ್ನ ಕಡೆಯಿಂದ ಚಿತ್ರೀಕರಿಸಿದೆವು. ಅದರ ಮರುದಿನ ಕ್ಯಾಮೆರಾ ಹಿಂದಿರುಗಿಸಲು ಹೋದಾಗ ವಿಡಿಯೋದಣ್ಣ ಬಾಡಿಗೆಯಲ್ಲಿ ಇನ್ನೂರು ಕಳೆದು ಹೇಳಿದರು: “ಅಡ್ವಾನ್ಸ್ ಕೊಟ್ಟಿದ್ಯಲ್ಲಪ್ಪ, ಮರ್ತೋಯ್ತಾ?” ಕೊಟ್ಟವನು ನಾನೇ. ಬರೆಯದವನೂ ನಾನೇ.

ಅವನ ಮನೆಗೆ ಓಡಿದೆ. “ರಾಮನಗರಕ್ಕೆ ಹೋದ ಕಣಪ್ಪ, ಫಿಲೇಚರ್ ಕೆಲಸಕ್ಕೆ” ಎಂದರು ಅವರಮ್ಮ. ಅವನು ಪಿಯುಸಿಗೆ ಸೇರಲಿಲ್ಲ. ನನ್ನ ಮಾತಿಗೇ ಓದು ಬಿಟ್ಟ ಎನ್ನಲಾರೆ, ಮನೆಯಲ್ಲಿ ತೊಂದರೆ ಇತ್ತು. ಆದರೆ ಹೊರಟು ನಿಂತವನ ಬೆನ್ನಿಗೆ ನನ್ನ ಮಾತೂ ಒಂದು ಕೈ ಹಾಕಿತು. ಹಬ್ಬಕ್ಕೆ ಊರಿಗೆ ಬಂದಾಗ ಒಬ್ಬನೇ ಸಿಕ್ಕಿದ, ತಪ್ಪಾಯಿತು ಎಂದೆ. “ಬಿಡೋ, ಆಗೋಯ್ತು” ಎಂದ.

ಆ ಸಿ.ಡಿ. ನನ್ನ ಹತ್ತಿರ ಈಗಲೂ ಇದೆ. ಅದರಲ್ಲಿ ಕಳ್ಳನಾಗಿ ಅವನ ಮುಖ ಕಾಣುತ್ತದೆ. ಕಾವಲುಗಾರನಾಗಿ ಕಾಣುವುದಿಲ್ಲ.

ನನ್ನ ಕೆಲಸದಲ್ಲಿ ಒಂದು ನಿಯಮವಿದೆ. ಪ್ರೋಗ್ರಾಮ್ ತಪ್ಪು ಉತ್ತರ ಕೊಟ್ಟರೆ ಮೊದಲು ನೋಡಬೇಕಾದದ್ದು ನಾನು ಬರೆದ ಸಾಲುಗಳನ್ನು. ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಅದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಆ ಅರಳಿಕಟ್ಟೆಯ ಮೇಲೆ.

ಇಷ್ಟು ವರ್ಷದ ಮೇಲೆ ಇಲ್ಲಿ ಏಕೆ ಹೇಳಬೇಕು? ಕಳ್ಳ ಎಂದದ್ದು ಹತ್ತು ಜನರ ಮುಂದೆ, ತಪ್ಪಾಯಿತು ಎಂದದ್ದು ಅವನೊಬ್ಬನ ಮುಂದೆ. ಲೆಕ್ಕ ಕೂಡಲಿಲ್ಲ. ಕಳೆದ ವಾರ ಅವನಿಗೆ ಫೋನ್ ಮಾಡಿ, ಹೇಳಲಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೇಳೋ. ಹೆಸ್ರು ಬೇಡ, ಮಗ್ಳು ಅಲ್ಲೇ ಓದ್ತಾವ್ಳೆ” ಎಂದ.

ಗೆಳೆಯಾ, ನೀನು ಈ ಪೆಂಡಾಲಿನಲ್ಲಿ ಎಲ್ಲೋ ಕುಳಿತಿದ್ದೀಯೆ. ಆ ಇನ್ನೂರು ರೂಪಾಯಿ ನೀನು ತೆಗೆದಿರಲಿಲ್ಲ. ತಪ್ಪು ನನ್ನದು. ಅಂದು ನಕ್ಕ ಗೆಳೆಯರಲ್ಲಿ ಹಲವರು ಇಲ್ಲಿದ್ದಾರೆ, ಅವರೂ ಕೇಳಿಸಿಕೊಳ್ಳಲಿ. ಮನೆಗೆ ಹತ್ತು ರೂಪಾಯಿ ಕೊಟ್ಟ ಊರಿನವರೂ ಕೇಳಿಸಿಕೊಳ್ಳಲಿ.

ನೀನು ಒಪ್ಪಿದರೆ ಆ ಕೊನೆಯ ದೃಶ್ಯವನ್ನು ಮತ್ತೆ ತೆಗೆಯೋಣ. ಈಗ ಕ್ಯಾಮೆರಾ ಎಲ್ಲರ ಜೇಬಿನಲ್ಲೂ ಇದೆ, ಬಾಡಿಗೆ ಕೊಡಬೇಕಿಲ್ಲ. ಬೆಟ್ಟ ಅಲ್ಲೇ ಇದೆ. ಕರೆಂಟ್ ಕಂಬವೂ ಅಲ್ಲೇ ಇದೆ.